ಬಿಸಿ ಎಲ್ಲಿ ಕೂತಿದೆ?

ಎಎಂಡಿ ಕಂಪನಿ 2022ರ ಡಿಸೆಂಬರ್‌ನಲ್ಲಿ 999 ಡಾಲರ್ ಬೆಲೆ ಕಟ್ಟಿ ಬಿಟ್ಟ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡನ್ನು ಕೊಂಡ ಕೆಲವರಿಗೆ ಹೊಸ ವರ್ಷಕ್ಕೆ ಮೊದಲೇ ತಲೆಬಿಸಿ ಶುರುವಾಯಿತು. ಗೇಮ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಫ್ಯಾನುಗಳ ಅಬ್ಬರ. ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಹಾಟ್‌ಸ್ಪಾಟ್, ಅಂದರೆ ಚಿಪ್‌ನಲ್ಲಿ ಎಲ್ಲಕ್ಕಿಂತ ಕಾದ ಜಾಗ, 110 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಜಿಪಿಯು ತಾಪಮಾನವೆಂದು ತೋರುವ ಮಾಮೂಲಿ ಅಂಕಿ ಮಾತ್ರ ಏನೂ ಆಗಿಲ್ಲವೆಂಬಂತೆ ಬಹಳ ಕೆಳಗಿತ್ತು.

ಬಲ್ಲವರು ಮೊದಲು ನೋಡುವುದು ಈ ಎರಡು ಅಂಕಿಗಳ ಅಂತರವನ್ನೇ. ಜಿಪಿಯು-ಝಡ್ ಥರದ ಉಚಿತ ತಂತ್ರಾಂಶ ಎರಡನ್ನೂ ತೋರಿಸುತ್ತದೆ. ಅಂತರ 15–20 ಡಿಗ್ರಿಯಷ್ಟೇ ಇದ್ದು ಎರಡೂ ಒಟ್ಟಿಗೆ ಏರುತ್ತಿದ್ದರೆ ಅನುಮಾನ ಗಾಳಿಯ ಮೇಲೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಗೇಮ್ ಓಡಿಸಿದಾಗ ತಾಪ ಚೆನ್ನಾಗಿ ಇಳಿದರೆ, ಒಳಗೆ ಗಾಳಿಯಾಡುತ್ತಿಲ್ಲವೆಂದೇ ಲೆಕ್ಕ. ಹೀಟ್‌ಸಿಂಕ್‌ನಲ್ಲಿ ಧೂಳು ಕಟ್ಟಿದ್ದರೆ ಬ್ಲೋವರ್‌ನಿಂದ ಊದಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಬೇರಿಂಗ್‌ಗೆ ಪೆಟ್ಟು. ಅಂತರವೇ 30 ದಾಟಿದರೆ ಬ್ಲೋವರ್ ಕೆಳಗಿಡುವುದು ಒಳ್ಳೆಯದು. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಇಲ್ಲವೇ ಕೂಲರ್ ಚಿಪ್ ಮೇಲೆ ಸರಿಯಾಗಿ ಕೂತಿಲ್ಲ.

ಹೊಚ್ಚಹೊಸ ಕಾರ್ಡಿನಲ್ಲಿ ಪೇಸ್ಟ್ ಒಣಗುವುದುಂಟೇ? ಚಿಪ್‌ಗಳನ್ನು ನಿಗದಿಗಿಂತ ವೇಗವಾಗಿ ಓಡಿಸುವ ಓವರ್‌ಕ್ಲಾಕಿಂಗ್ ಬಳಗದಲ್ಲಿ 'ಡೆರ್‌ಬಾವರ್' ಎಂದೇ ಹೆಸರಾದ ಜರ್ಮನಿಯ ರೋಮನ್ ಹಾರ್ಟುಂಗ್ ಹೀಗೆ ಕಾಯುತ್ತಿದ್ದ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳನ್ನು ತರಿಸಿಕೊಂಡು ನಿಲ್ಲಿಸಿ, ಮಲಗಿಸಿ ಅಳೆದರು. ನಿಲ್ಲಿಸಿದಾಗ ಹಿಡಿತದಲ್ಲಿದ್ದ ಹಾಟ್‌ಸ್ಪಾಟ್, ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿರುವಂತೆ ಅಡ್ಡ ಮಲಗಿಸಿದಾಗ ಜಿಗಿಯಿತು. ಬರೀ ಪೇಸ್ಟಿನ ದೋಷವಾಗಿದ್ದರೆ ಭಂಗಿ ಬದಲಾದ ಮಾತ್ರಕ್ಕೆ ಹೀಗಾಗದು. ಸಿಕ್ಕಿಬಿದ್ದದ್ದು ವೇಪರ್ ಚೇಂಬರ್. ತೆಳ್ಳನೆಯ, ಮುಚ್ಚಿದ ತಾಮ್ರದ ಡಬ್ಬಿಯದು. ಒಳಗಿನ ಚೂರು ನೀರು ಚಿಪ್‌ನ ಬಿಸಿಗೆ ಆವಿಯಾಗಿ, ತಣ್ಣಗಿರುವ ಕಡೆ ಮತ್ತೆ ನೀರಾಗಿ ಹಿಂದಿರುಗುತ್ತದೆ. ಕೆಲವು ಕಾರ್ಡುಗಳಲ್ಲಿ ಆ ನೀರೇ ಸಾಲದಷ್ಟಿತ್ತೆಂದು 2023ರ ಜನವರಿಯಲ್ಲಿ ಎಎಂಡಿ ಒಪ್ಪಿಕೊಂಡಿತು. ನೀರು ಕಡಿಮೆಯಾಗಿ ಇಡ್ಲಿ ಪಾತ್ರೆಯ ತಳ ಸೀದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥದ್ದಕ್ಕೆ ಮನೆಮದ್ದಿಲ್ಲ, ಕಾರ್ಡನ್ನೇ ಬದಲಿಸಿಕೊಳ್ಳಬೇಕು.

ಕಾರ್ಡಿನ ತಪ್ಪೇ ಇಲ್ಲದ ಪ್ರಸಂಗವೂ ಇದೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಗೇಮ್ ಬಂದಾಗ ಕೆಲವರ ಕಾರ್ಡುಗಳು ಕಾದದ್ದು ಯುದ್ಧದಲ್ಲಲ್ಲ, ಮೆನುವಿನಲ್ಲಿ. ಅಲ್ಲಿ ಕೆಲಸ ಕಡಿಮೆ, ಮಿತಿಯೂ ಇಲ್ಲ. ಕಾರ್ಡ್ ಸುಮ್ಮನೆ ಫ್ರೇಮ್ ಮೇಲೆ ಫ್ರೇಮ್ ತೆಗೆಯುತ್ತಿತ್ತು. ಗೇಮ್ ತಯಾರಿಸಿದ ಬ್ಲಿಝಾರ್ಡ್ ಕಂಪನಿ ಹೇಳಿದ ಮದ್ದು ಸೆಟ್ಟಿಂಗ್ಸ್ ಫೈಲಿಗೆ ಎರಡು ಸಾಲು: ಸೆಕೆಂಡಿಗೆ ಆಟದಲ್ಲಿ 60 ಫ್ರೇಮ್, ಮೆನುವಿನಲ್ಲಿ 30. ಈಗ ಎನ್‌ವಿಡಿಯಾ, ಎಎಂಡಿ ಡ್ರೈವರ್‌ಗಳಲ್ಲೇ ಈ ಕಡಿವಾಣವಿದೆ; ಪೇಸ್ಟ್ ಕೊಳ್ಳಲು ಅಂಗಡಿಗೆ ಹೊರಡುವ ಮುನ್ನ ಹಾಕಿ ನೋಡಬಹುದು.