ಯೋಬನ ಗ್ರಂಥದಲ್ಲಿ ಭಕ್ತಿಪರೀಕ್ಷೆ

ಭಕ್ತನನ್ನು ಕಷ್ಟಪರಂಪರೆಗೆ ಗುರಿಮಾಡಿ ಅವನ ನಿಷ್ಠೆಯನ್ನು ಒರೆಗೆ ಹಚ್ಚುವ ಕಥೆಗಳು ಎಲ್ಲ ಮತಗಳಲ್ಲಿಯೂ ಉಂಟು. ಕನ್ನಡಿಗರಿಗೆ ಅಂತಹ ಕಥೆಯೆಂದೊಡನೆ ರಾಘವಾಂಕನ ಹರಿಶ್ಚಂದ್ರನ ನೆನಪಾಗುತ್ತದೆ. ಕ್ರೈಸ್ತರಿಗೆ ಯೋಬನ ನೆನಪಾಗುತ್ತದೆ. ಯೋಬನ ಗ್ರಂಥವು ಮೂಲತಃ ಯೆಹೂದ್ಯರದು, ಹೀಬ್ರೂ ಭಾಷೆಯದು. 42 ಅಧ್ಯಾಯಗಳುಳ್ಳ ಇದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸೇರಿರುತ್ತದೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯು ಈತನ ಸೈರಣೆಯನ್ನು ಕೊಂಡಾಡಿದುದರಿಂದ ಯೋಬನ ತಾಳ್ಮೆಯೆಂಬುದು ಕ್ರೈಸ್ತ ಜನರಲ್ಲಿ ಗಾದೆಯೇ ಆಗಿಹೋಯಿತು. ಆದರೆ ಗಾದೆಯನ್ನು ಮಾತ್ರ ಬಲ್ಲವರು ಗ್ರಂಥವನ್ನು ತೆರೆದರೆ ಬೆರಗಾಗುವರು. ತಾಳ್ಮೆಯ ಯೋಬನಿರುವುದು ಮೊದಲ ಎರಡು ಅಧ್ಯಾಯಗಳಲ್ಲಿ ಮಾತ್ರ. ಮೂರನೆಯ ಅಧ್ಯಾಯದಲ್ಲಿ ಆತನು ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ಸುಮಾರು ಮೂವತ್ತು ಅಧ್ಯಾಯಗಳವರೆಗೆ ಆತನ ಮೊರೆಯೂ ವಾದವೂ ನಿಲ್ಲುವುದಿಲ್ಲ.

ಕಥೆಯು ಸರಳವಾದುದು. ಊಚ್ ದೇಶದ ಯೋಬನಿಗೆ ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. 7,000 ಕುರಿ, 3,000 ಒಂಟೆ, 500 ಜೊತೆ ಎತ್ತು, 500 ಹೆಣ್ಣುಕತ್ತೆ. ದೇವರ ಸಭೆಯಲ್ಲಿ ಆತನ ಧರ್ಮನಿಷ್ಠೆಯ ಪ್ರಸ್ತಾಪ ಬರುತ್ತದೆ. ಸೈತಾನನು ಆಕ್ಷೇಪವೆತ್ತುತ್ತಾನೆ: ಎಲ್ಲವನ್ನೂ ಕೊಟ್ಟು ಬೇಲಿ ಕಟ್ಟಿ ಕಾಯುತ್ತಿರುವಾಗ ಭಕ್ತಿ ಮಾಡುವುದೇನು ಹೆಚ್ಚು? ಒಂದೇ ದಿನದಲ್ಲಿ ನಾಲ್ವರು ದೂತರು ಒಬ್ಬರ ಹಿಂದೊಬ್ಬರು ಬಂದು ದನ, ಕುರಿ, ಒಂಟೆಗಳ ನಾಶವನ್ನೂ, ಕೊನೆಗೆ ಮನೆ ಕುಸಿದು ಮಕ್ಕಳೆಲ್ಲರೂ ಸತ್ತುದನ್ನೂ ಹೇಳುತ್ತಾರೆ. ಎರಡನೆಯ ಸಲ ಮೈತುಂಬ ಹುಣ್ಣು. ಯೋಬನು ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈಯನ್ನು ಕೆರೆದುಕೊಳ್ಳುತ್ತಾನೆ.

ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ನಡೆದ ಪಂತವು ಇಲ್ಲಿ ವಾಚಕರ ನೆನಪಿಗೆ ಬಾರದಿರದು. ಎರಡು ಕಡೆಯೂ ಮೇಲಿನ ಲೋಕದ ಜೂಜು, ಕೆಳಗಿನ ಲೋಕದ ನೋವು. ಎರಡು ಕಡೆಯೂ ನೋಯುವವನಿಗೆ ಜೂಜಿನ ಸುದ್ದಿಯಿಲ್ಲ. ಆದರೆ ಪರೀಕ್ಷೆಯ ವಿಷಯ ಬೇರೆ. ಹರಿಶ್ಚಂದ್ರನಲ್ಲಿ ಪರೀಕ್ಷೆಗೊಳಗಾದುದು ಸತ್ಯ. ಹುಸಿಯೊಂದನ್ನಾಡಿದರೆ ಸಾಕು, ಕಷ್ಟವೆಲ್ಲ ನೀಗುತ್ತದೆ. ಗೆಲವು ಸೋಲುಗಳೆರಡೂ ಕಣ್ಣಿಗೆ ಕಾಣುವಂತಹವು. ಯೋಬನಲ್ಲಿ ಪರೀಕ್ಷೆಗೊಳಗಾದುದು ಭಕ್ತಿಯ ಹಿಂದಿನ ಕಾರಣ, ಎಂದರೆ ಅದು ನಿಷ್ಕಾಮವಾದುದೋ ಫಲಾಪೇಕ್ಷೆಯುಳ್ಳುದೋ ಎಂಬುದು. ಇದನ್ನು ಹೊರಗಿನ ಕಾರ್ಯದಿಂದ ಅಳೆಯಲಾಗದು. ಆದುದರಿಂದ ರಾಘವಾಂಕನ ಕಾವ್ಯವು ಘಟನೆಗಳಿಂದ ಬೆಳೆದರೆ ಈ ಗ್ರಂಥವು ಮಾತಿನಿಂದ ಬೆಳೆಯಬೇಕಾಯಿತು. ಇನ್ನೊಂದು ಭೇದವನ್ನೂ ಗಮನಿಸಬೇಕು. ವಿಶ್ವಾಮಿತ್ರನು ಕಾವ್ಯದ ಕೊನೆಯವರೆಗೂ ರಂಗದಲ್ಲಿದ್ದು ಸೋಲನ್ನೊಪ್ಪುತ್ತಾನೆ. ಸೈತಾನನಾದರೋ ಎರಡನೆಯ ಅಧ್ಯಾಯದಿಂದಾಚೆಗೆ ಕಾಣಿಸುವುದೇ ಇಲ್ಲ. ಪಂತವನ್ನು ಗೆದ್ದವರಾರೆಂದು ಕವಿಯು ಬಾಯಿಬಿಟ್ಟು ಹೇಳುವುದೂ ಇಲ್ಲ.

ಯೋಬನ ಹೆಂಡತಿಯ ವಿಷಯದಲ್ಲಿ ವ್ಯಾಖ್ಯಾನಕಾರರು ಬಹಳ ನಿಷ್ಠುರರಾಗಿದ್ದಾರೆ. ಸಂತ ಅಗಸ್ಟೀನನು ಆಕೆಯನ್ನು ಸೈತಾನನ ಸಹಾಯಕಳೆಂದೇ ಕರೆದನು. ಹೀಬ್ರೂ ಮೂಲದಲ್ಲಿ ಆಕೆಗಿರುವುದು ಒಂದೇ ಮಾತು. ದೇವರನ್ನು ದೂಷಿಸಿ ಸಾಯಿ ಎಂಬರ್ಥದ ಕಟುವಾದ ಮಾತು. ಆದರೆ ಕ್ರಿಸ್ತಪೂರ್ವದಲ್ಲಿಯೇ ಆದ ಗ್ರೀಕ್ ಭಾಷಾಂತರದಲ್ಲಿ ಆಕೆಗೆ ನೀಳವಾದ ಪ್ರಲಾಪವೊಂದುಂಟು: ಹೆತ್ತ ಬೇನೆಯೆಲ್ಲ ವ್ಯರ್ಥವಾಯಿತು, ತಾನು ಮನೆಮನೆ ಅಲೆದು ಕೂಲಿ ಮಾಡುವಂತಾಯಿತು ಎಂದು. ಇದನ್ನು ಓದಿದವರಿಗೆ ಕಾಶಿಯಲ್ಲಿ ಬ್ರಾಹ್ಮಣನ ಮನೆಯ ತೊತ್ತಾಗಿ ದುಡಿದ ಚಂದ್ರಮತಿ ಕಣ್ಣಮುಂದೆ ನಿಲ್ಲುವಳು. ಸತ್ತ ಹತ್ತು ಮಕ್ಕಳು ಆಕೆಯ ಮಕ್ಕಳೂ ಅಹುದಷ್ಟೆ! ಮೂಲದ ಕವಿಯು ಈ ತಾಯಿಗೆ ಒಂದೇ ವಾಕ್ಯವನ್ನು ಕೊಟ್ಟು ಸುಮ್ಮನಾದುದು ಗ್ರಂಥಕ್ಕೊಂದು ಕೊರತೆಯೆಂದೇ ಹೇಳಬೇಕು.

ಗ್ರಂಥದ ತಿರುಳಿರುವುದು ಮಿತ್ರರ ಸಂವಾದದಲ್ಲಿ. ಎಲೀಫಜ, ಬಿಲ್ದದ, ಚೋಫರರೆಂಬ ಮೂವರು ಸಂತೈಸಲು ಬಂದು, ಏಳು ಹಗಲು ಏಳು ರಾತ್ರಿ ಮಾತನಾಡದೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಉಪಕಾರವೆಲ್ಲ ಆ ಏಳು ದಿನಗಳದೇ. ಬಾಯಿ ತೆರೆದೊಡನೆ ಅವರದು ಒಂದೇ ಸಿದ್ಧಾಂತ: ಪಾಪಕ್ಕೆ ದಂಡನೆಯಾಗುತ್ತದೆ, ನಿನಗೆ ದಂಡನೆಯಾಗಿದೆ, ಆದುದರಿಂದ ನೀನು ಪಾಪಿ. ತರ್ಕಸಂಗ್ರಹವನ್ನು ಓದಿದ ಬಾಲವಿದ್ಯಾರ್ಥಿಯೂ ಇಲ್ಲಿಯ ಹೇತ್ವಾಭಾಸವನ್ನು ತೋರಿಸಬಲ್ಲನು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ವ್ಯಾಪ್ತಿಯಿಂದ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಸಾಧಿಸಲಾಗದು; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ಪಾಪವಿದ್ದಲ್ಲಿ ದುಃಖವುಂಟೆಂದು ಒಪ್ಪಿದರೂ ದುಃಖವಿದ್ದಲ್ಲೆಲ್ಲ ಪಾಪವುಂಟೆಂದು ಬಾರದು. ಯೋಬನು ಆ ಕಾದ ಕಬ್ಬಿಣದ ಗುಂಡು. ಮಿತ್ರರು ಅದರಲ್ಲಿ ಹೊಗೆಯನ್ನು ಹುಡುಕುತ್ತಾರೆ, ಕಾಣದಿರಲು ಕಲ್ಪಿಸುತ್ತಾರೆ. ಎಲೀಫಜನು ಮೊದಲು ಮೃದುವಾಗಿ ಮಾತನಾಡಿದವನು, 22ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಯೋಬನು ವಿಧವೆಯರನ್ನು ಬರಿಗೈಯಲ್ಲಿ ಕಳುಹಿದನೆಂದೂ ಬಾಯಾರಿದವರಿಗೆ ನೀರು ಕೊಡಲಿಲ್ಲವೆಂದೂ ಆರೋಪಿಸುತ್ತಾನೆ. ಇದಕ್ಕೆ ಪ್ರಮಾಣವೇನೂ ಇಲ್ಲ. ಸಿದ್ಧಾಂತವನ್ನುಳಿಸುವುದಕ್ಕಾಗಿ ಸ್ನೇಹಿತನ ಮೇಲೆ ಸುಳ್ಳನ್ನು ಹೊರಿಸಬೇಕಾಯಿತು.

ಹಿಂದೂ ಶಾಸ್ತ್ರವನ್ನರಿತವರು ಇಲ್ಲೊಂದು ಮಾತನ್ನು ಆಲೋಚಿಸಬಹುದು. ಈ ಮೂವರಿಗೆ ಜನ್ಮಾಂತರದ ಬಾಗಿಲು ತೆರೆದಿರಲಿಲ್ಲ. ತೆರೆದಿದ್ದರೆ ಅವರು ಯೋಬನ ಈ ಜನ್ಮದ ನಡತೆಯನ್ನು ಒಪ್ಪಿಯೂ, ಹಿಂದಿನ ಜನ್ಮದ ಲೆಕ್ಕವೆಂದು ಹೇಳಿ ವಾದವನ್ನು ಮುಗಿಸುತ್ತಿದ್ದರು. ಕಾವ್ಯವೂ ಅಲ್ಲಿಗೇ ಮುಗಿಯುತ್ತಿತ್ತು. ಕರ್ಮಸಿದ್ಧಾಂತವು ದರ್ಶನವಾಗಿ ಗಂಭೀರವಾದುದೇ ಸರಿ. ಆದರೆ ಎಳೆಯ ಮಗುವನ್ನು ಮಣ್ಣು ಮಾಡಿ ಬಂದ ಮನೆಯ ಜಗುಲಿಯ ಮೇಲೆ ಕುಳಿತು, ಆ ತಾಯಿಯ ಕಿವಿಗೆ ಬೀಳುವಂತೆ ಪೂರ್ವಜನ್ಮದ ಪಾಪವನ್ನು ಲೆಕ್ಕ ಹಾಕುವ ಬಂಧುಗಳು ಯಾವ ಊರಿನಲ್ಲಿಲ್ಲ? ಎಲೀಫಜನ ವಂಶವು ಊಚ್ ದೇಶದಲ್ಲಿಯೇ ಮುಗಿದುದಲ್ಲ.

ಯೋಬನು ಈ ವಾದಕ್ಕೆ ಸೋಲುವುದೂ ಇಲ್ಲ, ದೇವರನ್ನು ಬಿಡುವುದೂ ಇಲ್ಲ. ದೇವರೊಡನೆ ವ್ಯಾಜ್ಯ ಹೂಡಬೇಕೆಂದು ಬಯಸುತ್ತಾನೆ. ತಮ್ಮಿಬ್ಬರ ನಡುವೆ ಮಧ್ಯಸ್ಥನಿಲ್ಲವೇ ಎಂದು ಹಲುಬುತ್ತಾನೆ. ಪರಲೋಕದಲ್ಲಿ ತನಗೊಬ್ಬ ಸಾಕ್ಷಿಯುಂಟೆನ್ನುತ್ತಾನೆ. 19ನೆಯ ಅಧ್ಯಾಯದಲ್ಲಿ ತನ್ನ ವಿಮೋಚಕನು ಬದುಕಿದ್ದಾನೆಂದು ನಿಶ್ಚಯಿಸುತ್ತಾನೆ. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಕುಲದವನ ಹೊಲವನ್ನೋ ಮಾನವನ್ನೋ ಬಿಡಿಸಿಕೊಡುವ ಸಮೀಪಬಂಧುವೆಂದರ್ಥ. ಕ್ರೈಸ್ತರು ಈ ಬಂಧುವನ್ನು ಯೇಸುವೆಂದು ಗ್ರಹಿಸಿದರು. ಆರನೆಯ ಶತಮಾನದಲ್ಲಿ ಮಹಾ ಗ್ರೆಗರಿಯು 35 ಸಂಪುಟಗಳಲ್ಲಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದು, ಯೋಬನಲ್ಲಿಯೇ ಕ್ರಿಸ್ತನ ಯಾತನೆಯ ಮುಂಗುರುತನ್ನು ಕಂಡನು. ಆ ಅರ್ಥವು ಭಕ್ತರದು, ಅದಂತಿರಲಿ. ಸಾಹಿತ್ಯದೃಷ್ಟಿಗೆ ಮುಖ್ಯವಾದುದು ಯೋಬನು ದೇವರ ಮೇಲಿನ ದೂರನ್ನು ದೇವರಿಗೇ ಸಲ್ಲಿಸುತ್ತಾನೆಂಬುದು. ಬೇರೆ ನ್ಯಾಯಾಲಯವನ್ನು ಆತನು ಅರಿಯನು. ಚಿನ್ನವನ್ನು ಪುಟಕ್ಕಿಡುವ ಉಪಮೆಯು ಈ ಗ್ರಂಥದಲ್ಲಿಯೂ ಉಂಟು, ಪೇತ್ರನ ಪತ್ರಿಕೆಯಲ್ಲಿಯೂ ಉಂಟು. ಆದರೆ ಚಿನ್ನವು ಬೆಂಕಿಯಲ್ಲಿ ಕೂಗುವುದಿಲ್ಲ, ಮನುಷ್ಯನು ಕೂಗುತ್ತಾನೆ. ಆ ಕೂಗಿಗೂ ಶ್ರದ್ಧೆಯೊಳಗೆ ಎಡೆಯುಂಟೆಂಬುದು ಈ ಕವಿಯ ಧೈರ್ಯ.

32ನೆಯ ಅಧ್ಯಾಯದಲ್ಲಿ ಬರುವ ಎಲೀಹುವೆಂಬ ತರುಣನ ಆರು ಅಧ್ಯಾಯಗಳ ಉಪನ್ಯಾಸವು ಬೇಸರವನ್ನುಂಟುಮಾಡುತ್ತದೆ. ಕಷ್ಟವು ಶಿಕ್ಷಣಕ್ಕಾಗಿಯೂ ಬರಬಹುದೆಂಬ ಅಂಶವೊಂದನ್ನುಳಿದರೆ ಹಳೆಯದನ್ನೇ ಹೇಳುತ್ತಾನೆ. ಉಪಸಂಹಾರದಲ್ಲಿ ಇವನ ಹೆಸರೇ ಇಲ್ಲವಾದುದರಿಂದ ಈ ಭಾಗವು ಪ್ರಕ್ಷಿಪ್ತವೆಂದು ಹಲವು ವಿದ್ವಾಂಸರು ಎಣಿಸುವರು. ಅದು ಯುಕ್ತವಾಗಿಯೇ ತೋರುತ್ತದೆ.

ಕಡೆಗೆ ಬಿರುಗಾಳಿಯೊಳಗಿಂದ ದೇವರು ಮಾತನಾಡುತ್ತಾನೆ. ಪಂತದ ಸುದ್ದಿಯನ್ನೆತ್ತುವುದಿಲ್ಲ, ಕಾರಣವನ್ನು ಹೇಳುವುದಿಲ್ಲ, ಪ್ರಶ್ನೆಗಳನ್ನು ಮಾತ್ರ ಕೇಳುತ್ತಾನೆ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ? ಜನರಿಲ್ಲದ ಕಾಡಿನ ಮೇಲೆ ಮಳೆ ಸುರಿಸುವವರಾರು? ಬಳಿಕ ಕಾಡುಕತ್ತೆ, ಉಷ್ಟ್ರಪಕ್ಷಿ, ಯುದ್ಧದ ಕುದುರೆ, ಗಿಡುಗ, ನೀರಾನೆ, ಮೊಸಳೆ. ಕುದುರೆಯ ವರ್ಣನೆಯು ಸ್ವಭಾವೋಕ್ತಿಗೆ ಮಾದರಿಯಾದುದು. ಶಾಕುಂತಲದ ಮೊದಲ ಅಂಕದಲ್ಲಿ ಓಡುವ ಜಿಂಕೆಯನ್ನು ಮೆಚ್ಚಿದವರು ಇದನ್ನೂ ಮೆಚ್ಚುವರು. ನೊಂದವನಿಗೆ ಇದೆಂತಹ ಉತ್ತರವೆಂದು ಕೆಲವರು ಕೇಳಿದ್ದಾರೆ. ಉತ್ತರವಲ್ಲವೆಂಬುದು ನಿಜ. ಆದರೆ ಈ ಮಾತುಗಳಲ್ಲಿ ಏನಿಲ್ಲವೆಂಬುದನ್ನು ನೋಡಬೇಕು: ನೀನು ಪಾಪ ಮಾಡಿದುದರಿಂದ ನಿನಗೆ ಹೀಗಾಯಿತೆಂಬ ಒಂದೇ ಒಂದು ಮಾತು ಇಲ್ಲ. ಅರಿಯದೆ ಮಾತನಾಡಿದೆಯೆಂದು ಗದರಿಸಿದ ದೇವರೇ, ಮುಂದೆ ಎಲೀಫಜನ ಕಡೆಗೆ ತಿರುಗಿ, ತನ್ನ ವಿಷಯದಲ್ಲಿ ಯೋಬನು ಯುಕ್ತವಾಗಿ ಮಾತನಾಡಿದಂತೆ ನೀವು ಮಾತನಾಡಲಿಲ್ಲವೆಂದು ತೀರ್ಪು ಕೊಡುತ್ತಾನೆ. ದೇವರ ಪಕ್ಷವನ್ನು ವಹಿಸಿ ವಾದಿಸಿದವರು ತಪ್ಪಿತಸ್ಥರಾದರು. ಅವರ ಕ್ಷಮೆಗಾಗಿ, ದೇವರೊಡನೆ ಜಗಳವಾಡಿದವನೇ ಪ್ರಾರ್ಥಿಸಬೇಕಾಯಿತು.

ಫಲಶ್ರುತಿಯಲ್ಲಿ ಎಲ್ಲವೂ ಇಮ್ಮಡಿಯಾಗಿ ಬರುತ್ತದೆ: 14,000 ಕುರಿ, 6,000 ಒಂಟೆ, 1,000 ಜೊತೆ ಎತ್ತು, 1,000 ಹೆಣ್ಣುಕತ್ತೆ. ಭಕ್ತಿಯು ಫಲಕ್ಕಾಗಿಯೇ ಎಂಬ ಸೈತಾನನ ಆಕ್ಷೇಪಕ್ಕೆ ಇದು ಮತ್ತೆ ಎಡೆಗೊಡದೇ ಎಂಬ ಶಂಕೆ ಸಹಜವಾದುದು. ಆದರೆ ಯೋಬನು ಶರಣಾದುದು ಬೂದಿಯಲ್ಲಿ ಕುಳಿತಿರುವಾಗಲೇ. ಫಲವು ಅನಂತರ ಬಂದುದು. ಮಕ್ಕಳ ಲೆಕ್ಕವು ಮಾತ್ರ ಇಮ್ಮಡಿಯಾಗಿಲ್ಲ. ಮೊದಲಿನಂತೆ ಏಳು ಗಂಡು, ಮೂರು ಹೆಣ್ಣು. ಲೋಹಿತಾಶ್ವನು ನಿದ್ದೆಯಿಂದೆದ್ದವನಂತೆ ಎದ್ದು ತಾಯಿಯ ಮಡಿಲಿಗೆ ಬಂದನು. ಇಲ್ಲಿ ಸತ್ತವರು ಏಳಲಿಲ್ಲ. ಹೊಸ ಹೆಣ್ಣುಮಕ್ಕಳಿಗೆ ಯೆಮೀಮ, ಕೆಚೀಯ, ಕೆರೆನ್ಹಪ್ಪೂಕ್ ಎಂಬ ಹೆಸರುಗಳುಂಟು. ತಂದೆಯು ಅವರಿಗೆ ಅಣ್ಣತಮ್ಮಂದಿರೊಡನೆ ಸ್ವಾಸ್ತ್ಯದಲ್ಲಿ ಪಾಲನ್ನು ಕೊಟ್ಟನೆಂದೂ ಗ್ರಂಥವು ಹೇಳುತ್ತದೆ. ಮೊದಲಿನ ಹತ್ತು ಮಕ್ಕಳಲ್ಲಿ ಒಬ್ಬರ ಹೆಸರೂ ಅದರಲ್ಲಿಲ್ಲ.