ಪಂಡಿತರ ಹೆಸರಿನ ತಂತ್ರಾಂಶ

ಮಂಗಳೂರಿನ ಕೊಡಿಯಾಲ್‌ಬೈಲಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ದೊಡ್ಡ ವಿದ್ವಾಂಸರು. ಮಂಗಳೂರಿಗೆ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ತಮ್ಮ ತಂತ್ರಾಂಶಕ್ಕೆ ಇಟ್ಟದ್ದು ಅವರದೇ ಹೆಸರು: ‘ಸೇಡಿಯಾಪು’. ಅದನ್ನು ಉಚಿತವಾಗಿ ಹಂಚಿದರು.

ರಾಯರ ಕೀಲಿಮಣೆ ವಿನ್ಯಾಸದ ಜಾಣ್ಮೆ ನೋಡಬೇಕು. ವರ್ಣಮಾಲೆಯೆಲ್ಲ 26 ಕೀಲಿಗಳಲ್ಲೇ ಅಡಕ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರಾಯಿತು. ನಡುವಿನ ಎಫ್ ಒತ್ತಕ್ಷರ ಕಟ್ಟುವ ಕೊಂಡಿ. ಶಿಫ್ಟ್ ಹಿಡಿದು ಕೆ ಒತ್ತಿದರೆ ಖಕಾರ. ಉಚ್ಚಾರದ ಕ್ರಮದಲ್ಲೇ ಬೆರಳು ಓಡುತ್ತದೆ.

ಕರ್ನಾಟಕ ಸರ್ಕಾರವೂ ಈ ವಿನ್ಯಾಸವನ್ನೇ ಒಪ್ಪಿತು, ಸರ್ಕಾರದ ‘ನುಡಿ’ ತಂತ್ರಾಂಶದಲ್ಲಿರುವುದೂ ಇದೇ.

ಹೀಗೆ ಕಂಪ್ಯೂಟರಿಗಿಳಿದ ಕನ್ನಡದ ಸೊಗಸಾದ ಫಲ ‘ವಚನ ಸಂಚಯ’ ಜಾಲತಾಣ. ಒಂದು ಪದ ಟೈಪಿಸಿದರೆ ಬಸವಣ್ಣ, ಅಲ್ಲಮ, ಅಕ್ಕ ಅದನ್ನು ಬಳಸಿದ ವಚನಗಳೆಲ್ಲ ಸಾಲುಗಟ್ಟುತ್ತವೆ. ಕಥೆಗಾರ ವಸುಧೇಂದ್ರ, ವಿಮರ್ಶಕ ಓ. ಎಲ್. ನಾಗಭೂಷಣಸ್ವಾಮಿ, ತಂತ್ರಜ್ಞ ಓಂಶಿವಪ್ರಕಾಶ್ ಮುಂತಾದವರು ಕೂಡಿ ಕಟ್ಟಿದ ಕೆಲಸವದು.