ಗ್ರಾಫೀನ್‌ಗೆ ಒಪ್ಪುವ ಕೆಲಸ ಕಾವಲು

2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಪೆರೊವ್‌ಸ್ಕೈಟ್ ಎಂಬ ಸ್ಫಟಿಕ ಪದಾರ್ಥದ ಸೌರಕೋಶವನ್ನು ಮೊದಲು ತೋರಿಸಿದಾಗ ಅದರ ದಕ್ಷತೆ ಶೇ. 3.8. ಇವತ್ತು ಪ್ರಯೋಗಾಲಯದ ಕೋಶಗಳು ಶೇ. 26 ದಾಟಿವೆ. ಸಿಲಿಕಾನ್ ಇಷ್ಟು ದೂರ ಬರಲು ದಶಕಗಳೇ ಹಿಡಿದವು. ಆದರೂ ಪೆರೊವ್‌ಸ್ಕೈಟ್ ಫಲಕ ನಮ್ಮ ತಾರಸಿಗಳಿಗೆ ಬಂದಿಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ: ಅದು ಬಾಳುವುದಿಲ್ಲ. ತೇವ ತಾಗಿದರೆ ಕೆಡುತ್ತದೆ, ಬಿಸಿಗೆ ಕೆಡುತ್ತದೆ, ಯಾವ ಬೆಳಕಿಗಾಗಿ ಅದನ್ನು ಮಾಡಿದ್ದೋ ಆ ಬೆಳಕಿಗೂ ಕೆಡುತ್ತದೆ.

ಹೀಗಿರುವಾಗ, ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಬೆರೆಸಿದ್ದರಿಂದ ದಕ್ಷತೆ ಒಂದೆರಡು ಅಂಶ ಏರಿತು ಎಂದು ಹಿಗ್ಗುವ ಪ್ರಬಂಧಗಳನ್ನು ಓದುವಾಗ ನನಗೆ ಬೇಸರವಾಗುತ್ತದೆ. ಕೋಶ ಉಗುರಿನಷ್ಟೂ ದೊಡ್ಡದಿರುವುದಿಲ್ಲ. ಒಂದೇ ದಿನ, ಒಂದೇ ಕೈ ಮಾಡಿದ ಹತ್ತು ಕೋಶಗಳ ನಡುವೆಯೇ ಅಷ್ಟು ಏರಿಳಿತ ಇರಬಹುದು. ಹೋಲಿಕೆಗೆ ಇಟ್ಟ ಗ್ರಾಫೀನ್ ಇಲ್ಲದ ಕೋಶ ತೀರ ಬಡಕಲಾಗಿದ್ದರಂತೂ ಗೆಲುವು ಸುಲಭ.

ಆಕ್ಸ್‌ಫರ್ಡ್‌ನ ಸ್ನೇತ್ ಮತ್ತು ನಿಕೊಲಸ್, ಸ್ಪೇನಿನ ಸಂಶೋಧಕರ ಜೊತೆ ಸೇರಿ 2014ರಲ್ಲಿ ಮಾಡಿದ ಕೆಲಸ ಈ ಸಾಲಿಗೆ ಸೇರುವುದಿಲ್ಲ. ಎಲೆಕ್ಟ್ರಾನ್ ಸಾಗಿಸುವ ಟೈಟಾನಿಯಂ ಡೈಆಕ್ಸೈಡ್ ಪದರವನ್ನು ಸಾಮಾನ್ಯವಾಗಿ 500 ಡಿಗ್ರಿಯ ಆಸುಪಾಸಿನಲ್ಲಿ ಸುಡಬೇಕು. ಅವರು ಗ್ರಾಫೀನ್ ಚೂರುಗಳನ್ನು ಸೇರಿಸಿ 150 ಡಿಗ್ರಿಯೊಳಗೇ ಮುಗಿಸಿದರು. ದಕ್ಷತೆ ಶೇ. 15.6. ನನ್ನ ಮಟ್ಟಿಗೆ ಅಲ್ಲಿ ಮುಖ್ಯವಾದ ಅಂಕಿ 150. ಆದರೆ ಕೆಲವೇ ವರ್ಷಗಳಲ್ಲಿ ತವರದ ಆಕ್ಸೈಡ್ ಬಂದು, ಗ್ರಾಫೀನ್‌ನ ಹಂಗಿಲ್ಲದೆ ಅದೇ ಬಿಸಿಯಲ್ಲಿ ಅದೇ ಕೆಲಸ ಮಾಡಿತು. ಎಲೆಕ್ಟ್ರಾನ್ ಸಾಗಿಸುವ ಕೆಲಸಕ್ಕೆ ಬೇರೆ ಆಳುಗಳು ಸಿಗುತ್ತಾರೆ.

ಕಾವಲಿಗೆ ಸಿಗುವುದು ಕಷ್ಟ. 2017ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ನೇಹಾ ಅರೋರಾ, ಗ್ರೆಟ್ಸೆಲ್ ಮತ್ತಿತರರು ತಾಮ್ರದ ಥಯೊಸಯನೇಟ್ ಎಂಬ ಅಗ್ಗದ ಪದಾರ್ಥವನ್ನು ಬಳಸಿ ಶೇ. 20 ದಾಟುವ ಕೋಶ ಮಾಡಿದರು. ಆ ಕೋಶ ಬೆಳಕಿನಲ್ಲಿ ಬೇಗ ಸೊರಗುತ್ತಿತ್ತು. ದೋಷ ಪೆರೊವ್‌ಸ್ಕೈಟ್‌ನದ್ದೆಂದು ಕೈಚೆಲ್ಲಬಹುದಿತ್ತು, ಅವರು ಹುಡುಕಿದರು. ಕೆಡುತ್ತಿದ್ದದ್ದು ಥಯೊಸಯನೇಟ್ ಮತ್ತು ಅದರ ಮೇಲಿನ ಚಿನ್ನ ಒಂದಕ್ಕೊಂದು ತಾಗುವ ಜಾಗ. ನಡುವೆ ಅಪಕರ್ಷಿಸಿದ ಗ್ರಾಫೀನ್ ಆಕ್ಸೈಡಿನ ತೆಳು ಪದರ ಹಾಸಿದ ಮೇಲೆ, 60 ಡಿಗ್ರಿಯಲ್ಲಿ, ಪೂರ್ಣ ಬೆಳಕಿನಲ್ಲಿ 1,000 ಗಂಟೆ ಕಳೆದರೂ ಆರಂಭದ ದಕ್ಷತೆಯಲ್ಲಿ ಶೇ. 95ಕ್ಕಿಂತ ಹೆಚ್ಚು ಉಳಿಯಿತು. ರೋಗ ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಮದ್ದು ಹಚ್ಚಿದ ಕೆಲಸ ಇದು. ಇಡೀ ಕ್ಷೇತ್ರದಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದೂ ಇದೇ.

2025ರಲ್ಲಿ ಪ್ರಕಟವಾದ ಶಾಂಘೈನ ಒಂದು ಸಂಶೋಧನೆ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. ಬೆಳಕು ಬಿದ್ದಾಗ ಪೆರೊವ್‌ಸ್ಕೈಟ್‌ನ ಸ್ಫಟಿಕ ಜಾಲ ಹಿಗ್ಗುತ್ತದೆ, ಹರಳುಗಳ ಅಂಚು ಒತ್ತಡಕ್ಕೆ ಸಿಕ್ಕಿ ಬಿರಿಯುತ್ತದೆ. ಗ್ರಾಫೀನ್ ಮತ್ತು ಪಾಲಿಮರ್ ಜೋಡಿಸಿದ ಹೊದಿಕೆ ಆ ಹಿಗ್ಗುವಿಕೆಯನ್ನು ಬಿಗಿಹಿಡಿಯಿತು. 90 ಡಿಗ್ರಿಯಲ್ಲಿ 3,670 ಗಂಟೆ, ಉಳಿದದ್ದು ಶೇ. 97. ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲೆಂದು ಹಿಡಿದರೆ ಇದು ಪಾವಗಡದ ಬಯಲಿನ ಸುಮಾರು ಎರಡು ವರ್ಷದ ಬಿಸಿಲು. ಅಲ್ಲಿ ನಿಂತಿರುವಂಥ ಸಿಲಿಕಾನ್ ಫಲಕಗಳಿಗೆ 25 ವರ್ಷದ ಖಾತರಿ ಕೊಡುವುದು ರೂಢಿ. ಇನ್ನೊಂದು ಮಾತು: ಬಯಲಲ್ಲಿ ಪ್ರತಿ ದಿನ ಬೆಳಗಾಗುತ್ತದೆ, ಕತ್ತಲಾಗುತ್ತದೆ. ಜಾಲ ಹಿಗ್ಗಿ ಕುಗ್ಗಿ ಮತ್ತೆ ಹಿಗ್ಗುತ್ತದೆ. ಎಡೆಬಿಡದ ಬೆಳಕಿನ ಪರೀಕ್ಷೆ ಈ ಸವೆತವನ್ನು ಹೇಳಲಾರದು.

ಬಯಲಿಗೆ ಇಳಿದವರೂ ಇದ್ದಾರೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ, ಹೆರಾಕ್ಲಿಯಾನ್‌ನಲ್ಲಿ, ಯುರೋಪಿನ ಗ್ರಾಫೀನ್ ಯೋಜನೆಯ ಭಾಗವಾಗಿ ಒಂಬತ್ತು ಫಲಕಗಳ ಪುಟ್ಟ ಸೌರ ತೋಟ ಎದ್ದಿತು. ಟೈಟಾನಿಯಂ ಆಕ್ಸೈಡಿನಲ್ಲಿ ಗ್ರಾಫೀನ್, ಮತ್ತೊಂದು ಕಡೆ ಮಾಲಿಬ್ಡಿನಂ ಸಲ್ಫೈಡಿನ ಪದರ. 2022ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಒಟ್ಟು 4.5 ಚದರ ಮೀಟರ್, ಗರಿಷ್ಠ ಉತ್ಪಾದನೆ 250 ವ್ಯಾಟ್‌ಗಿಂತ ತುಸು ಹೆಚ್ಚು. ಭಾಗಿಸಿ ನೋಡಿ: ಚದರ ಮೀಟರಿಗೆ 55 ವ್ಯಾಟ್ ಚಿಲ್ಲರೆ. ಒಳ್ಳೆಯ ಸಿಲಿಕಾನ್ ಫಲಕ ಅಷ್ಟೇ ಜಾಗದಲ್ಲಿ 200 ಕೊಡುತ್ತದೆ. ಕೋಶಗಳ ನಡುವಿನ ಸಂದು, ಅಂಚು, ಚೌಕಟ್ಟು ಎಲ್ಲ ಜಾಗ ತಿನ್ನುತ್ತವೆ. ಪ್ರಯೋಗಾಲಯದ ದಾಖಲೆಯಲ್ಲಿ ಇವುಗಳಿಗೆ ಲೆಕ್ಕವಿಲ್ಲ. ಸೋಲೆಂದು ಇದನ್ನು ತಳ್ಳಿಹಾಕಲಾರೆ. ಮಳೆ ಗಾಳಿಗೆ ಫಲಕವನ್ನು ಒಡ್ಡಿ, ಬಂದಷ್ಟನ್ನು ಅಳೆದು ಬರೆದದ್ದಕ್ಕೆ ನೂರು ಚಾಂಪಿಯನ್ ಕೋಶಗಳಿಗಿಂತ ಹೆಚ್ಚು ಬೆಲೆಯಿದೆ.

ಇಷ್ಟಕ್ಕೂ ಡಬ್ಬದಲ್ಲಿ ಬರುವುದು ಗ್ರಾಫೀನೇ ಹೌದೇ? 2018ರಲ್ಲಿ ಸಿಂಗಪುರದವರು 60 ಕಂಪನಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಗ್ರಾಫೀನ್ ಇದ್ದದ್ದು ಶೇ. 10ಕ್ಕೂ ಕಡಿಮೆ, ಉಳಿದದ್ದು ಬಹುಪಾಲು ಗ್ರಾಫೈಟ್ ಪುಡಿ. ಎರಡು ತಂಡಗಳ ಫಲಿತಾಂಶ ತಾಳೆಯಾಗದಿದ್ದರೆ ಆಶ್ಚರ್ಯವೇನು?

ಆ ಗ್ರಾಫೈಟನ್ನು ಹಗುರಾಗಿ ಕಾಣುವಂತೆಯೂ ಇಲ್ಲ. ವುಹಾನ್‌ನ ಹಾನ್ ಹಾಂಗ್‌ವೇ ತಂಡ 2014ರಲ್ಲೇ ಚಿನ್ನವನ್ನು ಬಿಟ್ಟು, ಗ್ರಾಫೈಟ್ ಮತ್ತು ಕಾಡಿಗೆಯಂಥ ಇಂಗಾಲದ ಪುಡಿ ಕಲಸಿದ ದಪ್ಪ ಪದರದಿಂದ ಕೋಶ ಮಾಡಿತ್ತು. ದಕ್ಷತೆ ಶೇ. 12.8 ಅಷ್ಟೇ, ಆದರೆ ತೆರೆದ ಗಾಳಿಯಲ್ಲಿ, ಪೂರ್ಣ ಬೆಳಕಿನಲ್ಲಿ ಅದು 1,000 ಗಂಟೆಗೂ ಮಿಕ್ಕಿ ನಿಂತಿತು. ನಾನು ಓದಿದ ಗ್ರಾಫೀನ್ ಪ್ರಬಂಧಗಳಲ್ಲಿ ಹೋಲಿಕೆಗೆ ಇಂಥ ಅಗ್ಗದ ಇಂಗಾಲದ ಕೋಶವನ್ನು ಪಕ್ಕದಲ್ಲಿಟ್ಟು ಗಂಟೆ ಎಣಿಸಿದವು ತೀರ ಕಡಿಮೆ.